ನಾಳೆಯಿಂದ ನೀನು ಬರಬೇಡ

ಒಂದು ಪಾನಶಾಲೆ. ಮರದ ಮೇಜು, ಮರದ ಬಟ್ಟಲು, ಗೋಡೆಯಲ್ಲೊಂದು ಪಂಜು. ಮೇಜಿನ ಆ ಕಡೆ ನಾಲ್ಕು ಮಂದಿ ಕೂತಿದ್ದಾರೆ: ಹೊಂಬಣ್ಣದ ಕೂದಲಿನ ಮಹಾವೀರ, ತೋಳು ಉಬ್ಬಿಸಿಕೊಂಡ ಕತ್ತಿಮಲ್ಲ, ಕೋಲು ಹಿಡಿದ ಮಂತ್ರಗಾತಿ, ಬಿಳಿ ನಿಲುವಂಗಿಯ ಪೂಜಾರಿಣಿ. ಈ ಕಡೆ ಒಬ್ಬನೇ. ಕಪ್ಪು ಕೂದಲು, ಸಪ್ಪೆ ಮುಖ, ಹೆಗಲ ಮೇಲೆ ಎಲ್ಲರ ಗಂಟೂ ಮೂಟೆಯೂ. ಮಹಾವೀರ ಬಟ್ಟಲು ಕೆಳಗಿಟ್ಟು, 'ನಾಳೆಯಿಂದ ನೀನು ಬರಬೇಡ' ಅನ್ನುತ್ತಾನೆ. ಯಾಕಪ್ಪಾ ಅಂದರೆ, ನೀನು ದಂಡ. ಮಂತ್ರಗಾತಿ ಮೂಗು ಮುರಿಯುತ್ತಾಳೆ, ಪೂಜಾರಿಣಿ ನೆಲ ನೋಡುತ್ತಾಳೆ, ಕತ್ತಿಮಲ್ಲ 'ಹೋಗುವ ಮುಂಚೆ ಆ ಕಠಾರಿ ಇಟ್ಟು ಹೋಗು, ಅದು ತಂಡದ್ದು' ಅನ್ನುತ್ತಾನೆ. ಸಪ್ಪೆಮುಖ ಬಾಗಿಲು ದಾಟುತ್ತದೆ. ಹಾಡು ಶುರು.

ಇದು ಯಾವುದೋ ಒಂದು ಅನಿಮೆಯ (ಜಪಾನಿ ಆನಿಮೇಷನ್ ಚಿತ್ರದ) ದೃಶ್ಯವಲ್ಲ. ಈಚಿನ ವರ್ಷಗಳಲ್ಲಿ ಜಪಾನಿನಿಂದ ಬಂದಿರುವ ಫ್ಯಾಂಟಸಿ ಅನಿಮೆಗಳ ರಾಶಿಗೆ ಕಣ್ಣುಮುಚ್ಚಿ ಕೈ ಹಾಕಿ, ಈ ಮೇಜು ಕೈಗೆ ತಗಲುವ ಸಂಭವ ಬಹಳ. 2021ರ ಅಕ್ಟೋಬರಿನಲ್ಲಿ ರೆಡ್ ಎಂಬವನನ್ನು ಹೊರಗೆ ಹಾಕಿದರು. 2022ರ ಅಕ್ಟೋಬರಿನಲ್ಲಿ ಪ್ರಾಣಿ ಪಳಗಿಸುವ ರೇನ್‌ನ ಸರದಿ. 2023ರ ಜನವರಿಯಲ್ಲಿ ನಿಕ್. 2024ರ ಜನವರಿಯಲ್ಲಿ, ತಡೆದುಕೊಳ್ಳುವ ಶಕ್ತಿ 9999 ಇರುವ ಗುರಾಣಿಗಾರನೊಬ್ಬ. ಅಷ್ಟು ತಡೆದುಕೊಳ್ಳುವವನನ್ನೂ ಇವರು ತಡೆದುಕೊಳ್ಳಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಗಾಯ ಮಾಯಿಸುವ ವೈದ್ಯ. 2025ರ ಏಪ್ರಿಲಿನಲ್ಲಿ ಚಿಲ್ಲರೆ ಕೆಲಸದ ಕರ್ಟ್. ಜಪಾನಿನ ಟಿವಿಗೆ ವರ್ಷಕ್ಕೆ ನಾಲ್ಕು ಬೆಳೆ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್. ಬೆಳೆ ಯಾವುದೇ ಇರಲಿ, ಹೊರದಬ್ಬಿಸಿಕೊಂಡವನೊಬ್ಬ ಗದ್ದೆಯ ಬದುವಿನಲ್ಲಿ ಗಂಟು ಹೊತ್ತು ನಿಂತಿರುತ್ತಾನೆ.

ಮುಂದಿನದು ಹೇಳಬೇಕೆ? ಹೇಳಿಯೇ ಬಿಡುತ್ತೇನೆ. ಹೊರಬಿದ್ದವನು ಕಾಡುದಾರಿ ಹಿಡಿಯುತ್ತಾನೆ. ಅಲ್ಲಿ ಒಬ್ಬ ಹುಡುಗಿಯ ಮೇಲೆ ಮೃಗ ಎರಗಿರುತ್ತದೆ. ಹುಡುಗಿ ಬಹುಮಟ್ಟಿಗೆ ರಾಜಕುಮಾರಿ, ಇಲ್ಲವೇ ಬೆಕ್ಕಿನ ಕಿವಿಯವಳು. ಇವನು ಕೈ ಬೀಸುತ್ತಾನೆ, ಮೃಗ ಮಾಯ. 'ಇಷ್ಟು ಎಲ್ಲರಿಗೂ ಬರುತ್ತದಲ್ಲ?' ಎಂದು ತಲೆ ಕೆರೆದುಕೊಳ್ಳುತ್ತಾನೆ. ಅವಳು ಬಾಯಿ ತೆರೆದವಳು ಮುಚ್ಚುವುದಿಲ್ಲ. ಅತ್ತ ಹಳೆಯ ತಂಡ ಗುಹೆಗೆ ಇಳಿದರೆ, ನಿನ್ನೆಯವರೆಗೆ ಒಂದೇ ಏಟಿಗೆ ಉರುಳುತ್ತಿದ್ದ ಗಾಬ್ಲಿನ್ ಇವತ್ತು ಉರುಳುವುದಿಲ್ಲ. ಕತ್ತಿ ಮೊಂಡು, ಕಾಲು ಭಾರ, ಬುತ್ತಿ ಹಳಸಿದೆ, ನಕ್ಷೆ ಓದುವುದು ಯಾರಿಗೂ ಬಾರದು. ಊರಿನ ಪಾನಶಾಲೆಯಲ್ಲಿ ಮೆರೆದದ್ದೆಲ್ಲ ಉತ್ತರಕುಮಾರನ ಪೌರುಷ. ಕಡೆಗೆ ಮಹಾವೀರ ಹರಿದ ಅಂಗಿಯಲ್ಲಿ ಬಂದು, 'ಆದದ್ದಾಯಿತು, ವಾಪಸು ಬಾ' ಅನ್ನುತ್ತಾನೆ. ಉತ್ತರ ಮೊದಲೇ ಬರೆದಿಟ್ಟಿದೆ: 'ಈಗ ತಡವಾಯಿತು.' ಈ ಒಂದು ಮಾತು ಜಪಾನಿನ ಓದುಗರಿಗೆ ಎಷ್ಟು ಹಿತವೆಂದರೆ, ಇದರ ಹೆಸರಿನಲ್ಲೇ ಕಥೆಗಳ ಒಂದು ಜಾತಿ ಹುಟ್ಟಿಕೊಂಡಿದೆ. ನಮ್ಮ ರಾಜಕೀಯ ಪಕ್ಷಗಳವರು ನೋಡಿದರೆ ಇದೆಂಥ ಮುಠ್ಠಾಳ ಕಥೆ ಅಂದಾರು. ಇಲ್ಲಿ ಆರು ವರ್ಷಕ್ಕೆಂದು ಉಚ್ಚಾಟಿಸಿದವನಿಗೆ ಚುನಾವಣೆ ಹತ್ತಿರ ಬಂದರೆ ಆರು ತಿಂಗಳಿಗೇ ಶಾಲು, ಹಾರ, ಪೇಟ. ತಡವಾಯಿತು ಅನ್ನುವ ಮಾತೇ ನಮ್ಮ ಪ್ರಜಾಪ್ರಭುತ್ವದ ನಿಘಂಟಿನಲ್ಲಿಲ್ಲ.

ಈ ಕಥೆಗಳ ಹೆಸರುಗಳನ್ನು ನೀವು ಕೇಳಬೇಕು. ಊಟಕ್ಕೆ ಕೂತು ಹೆಸರು ಹೇಳಲು ಶುರುಮಾಡಿದರೆ ಮಜ್ಜಿಗೆ ಬರುವ ಹೊತ್ತಿಗೆ ಮುಗಿಯುತ್ತದೆ. ರೆಡ್‌ನ ಕಥೆಯ ಜಪಾನಿ ಶೀರ್ಷಿಕೆಯನ್ನು ನಮ್ಮ ಮಾತಿಗೆ ಇಳಿಸಿದರೆ ಹೀಗಾಗುತ್ತದೆ: 'ನೀನು ನಿಜವಾದ ಸಂಗಾತಿಯಲ್ಲವೆಂದು ವೀರನ ತಂಡದಿಂದ ಹೊರದಬ್ಬಿದ್ದರಿಂದ, ಗಡಿನಾಡಿನಲ್ಲಿ ನಿಧಾನವಾಗಿ ಬದುಕುವುದೆಂದು ತೀರ್ಮಾನಿಸಿದೆ'. ಇದು ಹೆಸರೋ, ರಾಜೀನಾಮೆ ಪತ್ರವೋ? ಕರ್ಟ್‌ನ ಕಥೆಯದು ಇನ್ನೂ ಒಂದು ಕೈ ಮೇಲು. ವೀರರ ತಂಡದ ಮಾಜಿ ಚಿಲ್ಲರೆ ಕೆಲಸದವನು, ಕಾದಾಟ ಒಂದನ್ನು ಬಿಟ್ಟು ಮಿಕ್ಕ ಎಲ್ಲದರಲ್ಲೂ ಎಸ್‌ಎಸ್‌ಎಸ್ ಎಂಬ ಅತ್ಯುನ್ನತ ದರ್ಜೆಯವನಾಗಿದ್ದ ಎಂದು ಪೂರ್ತಿ ಸಂಗತಿ ಹೇಳಿ, ಕೊನೆಗೆ 'ಎಂಬ, ಎಲ್ಲೆಡೆ ಸಿಗುವ ಕಥೆ' ಎಂದು ತಾನೇ ಸೇರಿಸುತ್ತದೆ. ವಿಮರ್ಶಕನಿಗೆ ಹೇಳಲು ಏನನ್ನೂ ಉಳಿಸದ ಲೇಖಕನನ್ನು ನಾನು ಇದೇ ಮೊದಲು ಕಂಡದ್ದು.

ಹೆಸರು ಇಷ್ಟುದ್ದ ಬೆಳೆಯಲು ಕಾರಣವಿದೆ. ಈ ಕಥೆಗಳ ತವರು 2004ರಲ್ಲಿ ಶುರುವಾದ 'ಶೋಸೆತ್ಸುಕಾ ನಿ ನರೋ' ಎಂಬ ಜಾಲತಾಣ. ಬರೆಯುವ ಆಸೆಯುಳ್ಳ ಯಾರು ಬೇಕಾದರೂ ಅಲ್ಲಿ ಕಂತು ಕಂತಾಗಿ ಕಾದಂಬರಿ ಏರಿಸಬಹುದು, ಓದುವುದಕ್ಕೆ ಕಾಸಿಲ್ಲ. ಓದುಗರು ಅಂಕ ಕೊಡುತ್ತಾರೆ, ಅಂಕದ ಮೇಲೆ ಪಟ್ಟಿ ತಯಾರಾಗುತ್ತದೆ, ಪಟ್ಟಿಯ ಮೇಲಿದ್ದವರನ್ನು ಪ್ರಕಾಶಕರು ಹುಡುಕಿಕೊಂಡು ಬರುತ್ತಾರೆ. ಮೊದಲು ಪುಸ್ತಕ, ಆಮೇಲೆ ಮಾಂಗಾ ಎಂಬ ಚಿತ್ರಕಥೆ, ಅದೃಷ್ಟ ನೆಟ್ಟಗಿದ್ದರೆ ಅನಿಮೆ. ಆ ಪಟ್ಟಿಯಲ್ಲಿ ಚಿತ್ರವಿಲ್ಲ, ಮುಖಪುಟವಿಲ್ಲ, ಕಣ್ಣಿಗೆ ಮೊದಲು ಬೀಳುವುದು ಹೆಸರು. ಸಂಜೆ ರೈಲಿನಲ್ಲಿ ನಿಂತು ಒಂದು ಕೈಯಲ್ಲಿ ಮೊಬೈಲು ಒರೆಸುವ ಓದುಗ ನಿಮ್ಮ ಕಥೆಯನ್ನು ತೆರೆಯುತ್ತಾನೋ ಇಲ್ಲವೋ ಎಂಬುದು ಆ ಹೆಸರಿನ ಮೇಲೆ ನಿಂತಿದೆ. ಹಾಗಾಗಿ ಹೆಸರೇ ಮುನ್ನುಡಿ, ಹೆಸರೇ ಬೆನ್ನುಡಿ. 2016ರಲ್ಲಿ ಈ ತಾಣದವರು, ಸತ್ತು ಬೇರೆ ಲೋಕದಲ್ಲಿ ಹುಟ್ಟುವವರ ಮತ್ತು ಬೇರೆ ಲೋಕಕ್ಕೆ ಸಾಗಿಸಲ್ಪಡುವವರ ಕಥೆಗಳಿಗೆ ಪ್ರತ್ಯೇಕ ಪಟ್ಟಿ ಮಾಡಿ ಪಕ್ಕಕ್ಕೆ ಕೂರಿಸಿದರು. ಅಷ್ಟು ಹೊತ್ತಿಗೆ ಅವು ಇಡೀ ಅಂಗಳ ತುಂಬಿದ್ದವು. ಆಮೇಲೆ ಮುಖ್ಯ ಪಟ್ಟಿಗೆ ಬೇಕಾದದ್ದು ನಾಯಕ ಲಾರಿಗೆ ಸಿಕ್ಕಿ ಸತ್ತು ಬೇರೆ ಲೋಕಕ್ಕೆ ಹೋಗದೆಯೂ ನಡೆಯುವ ಕಥೆ, ಆ ಲೋಕದಲ್ಲೇ ಹುಟ್ಟಿ ಅಲ್ಲೇ ಅವಮಾನ ಪಡುವ ನಾಯಕ. ಹೊರದಬ್ಬಿಸಿಕೊಂಡವರ ಸಂತತಿ ಹೆಚ್ಚಿದ್ದು ಹೀಗೆ ಎಂದು ನನ್ನ ಅನುಮಾನ. ಒಂದು ಜಾತಿಯ ಕಥೆಯನ್ನು ಹೊರಹಾಕಿದ್ದರಿಂದ ಹೊರಹಾಕಿಸಿಕೊಂಡವರ ಕಥೆ ಹುಟ್ಟಿತು ಅನ್ನುವುದು ನನಗೆ ಹೇಳಿಕೊಳ್ಳಲು ಚೆನ್ನಾಗಿದೆ.

ಆದರೆ ಆ ಪಾನಶಾಲೆಯ ಮೇಜು ಹಳೆಯದು. 1988ರ ಫೆಬ್ರವರಿ 10ರಂದು ಜಪಾನಿನಲ್ಲಿ ಡ್ರ್ಯಾಗನ್ ಕ್ವೆಸ್ಟ್ 3 ಎಂಬ ವಿಡಿಯೊ ಗೇಮ್ ಬಿಡುಗಡೆಯಾಯಿತು. ಅದು ಬುಧವಾರ. ಶಾಲೆಗೆ ಚಕ್ಕರ್ ಹಾಕಿ ಅಂಗಡಿ ಮುಂದೆ ಸಾಲು ನಿಂತ ಹುಡುಗರದೇ ದೊಡ್ಡ ಸುದ್ದಿ. ಆ ಆಟದಲ್ಲಿ ಲುಯಿಡಾ ಎಂಬಾಕೆಯ ಪಾನಶಾಲೆ ಇದೆ. ವೀರ ಅಲ್ಲಿಗೆ ಹೋಗಿ ಮೂವರನ್ನು ಆರಿಸಿ ತನ್ನ ಜೊತೆ ಸೇರಿಸಿಕೊಳ್ಳಬೇಕು. ಬೇಡವಾದರೆ ಅದೇ ಪಾನಶಾಲೆಗೆ ಬಂದು ಬಿಟ್ಟು ಹೋಗಬಹುದು. ಗುಂಡಿ ಒತ್ತಿದರಾಯಿತು, ಯಾರೂ ಅಳುವುದಿಲ್ಲ, ಯಾರೂ ಬೈಯುವುದಿಲ್ಲ. ಇಡೀ ಜಪಾನಿನ ಹುಡುಗರು ಹೀಗೆ ಒಬ್ಬೊಬ್ಬರನ್ನೂ ಸೇರಿಸಿ, ಬಿಟ್ಟು, ಮರೆತು ದೊಡ್ಡವರಾದರು. ಬಿಟ್ಟುಹೋದವರು ಆ ಮೇಜಿನಲ್ಲೇ ಕೂತಿದ್ದರು. ಅವರಲ್ಲಿ ಯಾರೋ ಒಬ್ಬ ಕೊನೆಗೂ ಬಾಯಿ ಬಿಟ್ಟಿದ್ದೇ ಈ ಕಥೆಗಳಾಗಿರಬೇಕು.

ಆ ಆಟದಲ್ಲಿ ಎರಡು ಪಾತ್ರಗಳಿವೆ. ಅವುಗಳ ಮುಂದೆ ಇವತ್ತಿನ ಅನಿಮೆಗಳೆಲ್ಲ ಮರಿಗಳು. ಒಬ್ಬ ವಿದೂಷಕ. ಯುದ್ಧದ ನಡುವೆ ಇವನಿಗೆ ಹೊಡೆ ಎಂದರೆ ಹೊಡೆಯುತ್ತಾನೆ ಎಂಬ ಖಾತ್ರಿಯಿಲ್ಲ. ತಮಾಷೆ ಮಾಡುತ್ತಾನೆ, ಕಾಲಹರಣ ಮಾಡುತ್ತಾನೆ, ಎದುರಿಗೆ ರಾಕ್ಷಸ ಬಾಯಿ ತೆರೆದಿದ್ದರೂ ತನ್ನ ಪಾಡಿಗೆ ತಾನು. ತಂಡದಿಂದ ಹೊರಹಾಕಲು ಇವನಿಗಿಂತ ಯೋಗ್ಯ ಇಲ್ಲ. ಆದರೆ ಇವನನ್ನು ಸಹಿಸಿಕೊಂಡು ಇಪ್ಪತ್ತನೆಯ ಮಟ್ಟದವರೆಗೆ ಎಳೆದುತಂದು ವೃತ್ತಿ ಬದಲಿಸುವ ದಾಮಾ ದೇಗುಲಕ್ಕೆ ಕರೆದೊಯ್ದರೆ, ಸೀದಾ ಮಹಾಜ್ಞಾನಿಯಾಗುತ್ತಾನೆ. ಮಿಕ್ಕವರು ಯಾರೇ ಜ್ಞಾನಿಯಾಗಬೇಕಿದ್ದರೂ ಅದಕ್ಕೊಂದು ಅಪರೂಪದ ಗ್ರಂಥ ಬೇಕು, ಇವನಿಗೆ ಬೇಡ. ಮೂರು ದಶಕ ಕಳೆದ ಮೇಲೆ ಜಾಲತಾಣದವರು ಸಾವಿರ ಪುಟ ಹಿಗ್ಗಿಸಿ ಬರೆದದ್ದನ್ನು ಆಟದ ವಿನ್ಯಾಸಕಾರ ಯೂಜಿ ಹೊರೀ ಒಂದು ನಿಯಮದಲ್ಲಿ ಮುಗಿಸಿದ್ದರು.

ಇನ್ನೊಬ್ಬ ವ್ಯಾಪಾರಿ. ಆಟದ ನಡುವೆ ಬಯಲಿನಲ್ಲಿ ಒಬ್ಬ ಮುದುಕ, 'ಇಲ್ಲೊಂದು ಊರು ಕಟ್ಟಬೇಕು, ನಿಮ್ಮ ವ್ಯಾಪಾರಿಯನ್ನು ಬಿಟ್ಟು ಹೋಗಿ' ಎಂದು ಕೇಳುತ್ತಾನೆ. ಬಿಟ್ಟು ಹೋಗುತ್ತೀರಿ. ನೀವು ತಿರುಗಿ ತಿರುಗಿ ಬಂದಾಗಲೆಲ್ಲ ಊರು ದೊಡ್ಡದಾಗಿರುತ್ತದೆ, ಅವನ ಅಬ್ಬರವೂ ದೊಡ್ಡದಾಗಿರುತ್ತದೆ. ಕೊನೆಗೆ ಜನ ದಂಗೆಯೆದ್ದು ಅವನನ್ನು ಸೆರೆಯಲ್ಲಿ ಕೂರಿಸಿರುತ್ತಾರೆ. ನೋಡಿ, ತಂಡ ಬಿಟ್ಟವನು ತಾನೇ ಯಜಮಾನನಾದರೆ ಅವನೂ ಮಹಾವೀರನ ಥರವೇ ಆಡುತ್ತಾನೆ ಎಂಬ ಸಂಗತಿ 1988ರ ಆ ಆಟಕ್ಕೆ ಗೊತ್ತಿತ್ತು. ಈಗಿನ ಅನಿಮೆ ನಾಯಕರಲ್ಲಿ ಒಬ್ಬನೂ ಹೀಗೆ ಕೆಡುವುದಿಲ್ಲ. ಎಷ್ಟು ಅಧಿಕಾರ ಬಂದರೂ ಅದೇ ಸಪ್ಪೆ ನಗು.

ಹೊರಹಾಕಿಸಿಕೊಳ್ಳುವವರ ಕಸುಬು ಗಮನಿಸಿದ್ದೀರಾ? ಪ್ರಾಣಿ ಪಳಗಿಸುವವನು, ಗುರಾಣಿ ಹಿಡಿಯುವವನು, ಔಷಧಿ ಕೊಡುವವನು, ಸಾಮಾನು ಹೊರುವವನು, ಲೆಕ್ಕ ಬರೆಯುವವನು. ಕತ್ತಿ ಬೀಸುವವನನ್ನು ಯಾರೂ ದಂಡ ಅನ್ನುವುದಿಲ್ಲ. ಅದರ ಗುಟ್ಟೂ ಆಟದಲ್ಲೇ ಇದೆ. ಡ್ರ್ಯಾಗನ್ ಕ್ವೆಸ್ಟಿನಲ್ಲಿ ಬೈಕಿರುಟೊ ಎಂಬ ಮಂತ್ರವಿದೆ, ಕತ್ತಿಮಲ್ಲನ ಮೇಲೆ ಊದಿದರೆ ಅವನ ಏಟು ಇಮ್ಮಡಿ. ತೆರೆಯ ಮೇಲೆ ಏನು ಕಾಣುತ್ತದೆ? ಕತ್ತಿಮಲ್ಲ ಹೊಡೆದ, ಇಷ್ಟು ಹಾನಿ. ಆ ಅಂಕಿಯಲ್ಲಿ ಅರ್ಧ ಮಂತ್ರದವನದು ಎಂದು ಯಾರೂ ಬರೆಯುವುದಿಲ್ಲ. ಶತ್ರುವಿನ ಏಟು ನಿಮಗೆ ತಾಕದೆ ಹೋದರೆ ಅದಕ್ಕಂತೂ ಅಂಕಿಯೇ ಇಲ್ಲ. ಆಗದ ಅನಾಹುತವನ್ನು ಎಣಿಸುವ ಗಣಿತ ಆ ಆಟದಲ್ಲಿಲ್ಲ, ಯಾವ ಕಚೇರಿಯಲ್ಲೂ ಇಲ್ಲ. ಮದುವೆಮನೆಯ ಅಡುಗೆಭಟ್ಟರ ಪಾಡು ಅದೇ: ಉಪ್ಪು ಸರಿಯಾಗಿದ್ದರೆ ಜನ ವಧುವರರ ಜೋಡಿ ಚೆನ್ನಾಗಿದೆ ಎಂದು ಹೊಗಳಿ ಹೋಗುತ್ತಾರೆ, ಉಪ್ಪು ಹೆಚ್ಚಾದರೆ ಮಾತ್ರ ಭಟ್ಟರು ಯಾರು ಎಂದು ವಿಚಾರಿಸುತ್ತಾರೆ.

ಈ ಲೆಕ್ಕದ ಮಾತು ಬಂದಾಗ ನನಗೆ ನಿಕ್‌ನ ಮೇಲೆ ವಿಶೇಷ ಮಮತೆ. 'ಮನುಷ್ಯರನ್ನು ನಂಬದ ಸಾಹಸಿಗಳು ಲೋಕ ಉಳಿಸುತ್ತಾರಂತೆ' ಎಂಬರ್ಥದ ಹೆಸರಿನ ಕಥೆ ಅವನದು. ತಂಡದ ಹಣ ಪೋಲಾಗದ ಹಾಗೆ ಲೆಕ್ಕ ಇಟ್ಟವನೇ ಅವನು; ಕೊನೆಗೆ ಹಣ ನುಂಗಿದನೆಂದು ಅವನ ಮೇಲೇ ಹೊರಿಸಿ ಅಟ್ಟುತ್ತಾರೆ. ಅದೇ ಸುಮಾರಿಗೆ ಪ್ರೇಯಸಿಯೂ ಕೈ ಕೊಡುತ್ತಾಳೆ; ಅವಳಿಗೆ ಬೇಕಾಗಿದ್ದದ್ದು ಇವನ ಕಾಸು. ಒಂದು ಹೋಟೆಲಿನಲ್ಲಿ ಜಾಗ ಸಾಲದೆ ಅಪರಿಚಿತರ ಮೇಜಿಗೆ ಇವನೂ ಕೂರುತ್ತಾನೆ. ಒಬ್ಬಳು ಮದುವೆ ನಿಶ್ಚಯ ಮುರಿದ ಮೇಲೆ ಜೂಜಿಗೆ ಬಿದ್ದ ಮಂತ್ರಗಾತಿ, ಒಬ್ಬ ಸುಳ್ಳು ಆಪಾದನೆಯಿಂದ ದೇವಸ್ಥಾನ ಬಿಟ್ಟು ಈಗ ಹೆಂಗಸರ ಹಿಂದೆ ಬಿದ್ದಿರುವ ಪೂಜಾರಿ, ಒಬ್ಬಳು ಸಂಗಾತಿಗಳು ಗುಹೆಯಲ್ಲಿ ಬಿಟ್ಟು ಓಡಿದ ಮೇಲೆ ತಿನ್ನುವುದರಲ್ಲೇ ಸಮಾಧಾನ ಕಂಡ ಡ್ರ್ಯಾಗನ್ ವಂಶದ ಹುಡುಗಿ. ನಿಕ್‌ಗೂ ಒಂದು ಚಟವಿದೆ, ಹಾಡುವ ಹುಡುಗಿಯರ ಕಛೇರಿಗೆ ಹೋಗಿ ದೀಪ ಆಡಿಸುವುದು. ನಾಲ್ವರೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ಉಸಿರಿನಲ್ಲಿ 'ಮನುಷ್ಯರನ್ನು ಯಾರು ನಂಬುತ್ತಾರೆ!' ಎಂದು ಕೂಗಿ, ಅಲ್ಲೇ ಒಂದು ತಂಡವಾಗುತ್ತಾರೆ. ಯಾರೂ ಯಾರನ್ನೂ ನಂಬುವುದಿಲ್ಲ ಎಂಬ ಸ್ಪಷ್ಟ ತಿಳಿವಳಿಕೆಯ ಮೇಲೆ ನಿಂತ ಸಂಸ್ಥೆ ಅದು. ನನ್ನ ಮಟ್ಟಿಗೆ ಇಡೀ ಜಾತಿಯಲ್ಲಿ ಇದೊಂದೇ ವಯಸ್ಸಿಗೆ ಬಂದ ಕಥೆ. ಇಲ್ಲಿ ಯಾರೂ ಗುಪ್ತ ದೇವಾಂಶಸಂಭೂತನಲ್ಲ. ಪೆಟ್ಟು ತಿಂದವರು ಸಣ್ಣಪುಟ್ಟ ಚಟಗಳ ಆಸರೆಯಲ್ಲಿ ಮರುದಿನ ಕೆಲಸಕ್ಕೆ ಹೋಗುತ್ತಾರೆ.

ಉಳಿದವುಗಳಲ್ಲಿ ನನ್ನನ್ನು ರೇಗಿಸುವುದು ಡ್ರ್ಯಾಗನ್ ಅಲ್ಲ, ಬೆಕ್ಕಿನ ಕಿವಿಯೂ ಅಲ್ಲ. ಬೆಕ್ಕಿನ ಕಿವಿಯನ್ನು ನಾನು ನಂಬಬಲ್ಲೆ. ನಂಬಲಾಗದ್ದು, ಒಬ್ಬನನ್ನು ತೆಗೆದು ಹಾಕಿದ ಮರುದಿನವೇ ತಂಡ ಕುಸಿಯುತ್ತದೆ ಎಂಬುದು. ನೀವು ಯಾವುದಾದರೂ ಕಚೇರಿಯಲ್ಲಿ ಕೆಲಸ ಮಾಡಿದ್ದೀರಿ ತಾನೆ? ಇಪ್ಪತ್ತೈದು ವರ್ಷ ಬೆನ್ನು ಬಗ್ಗಿಸಿ ದುಡಿದ ಮಹಾನುಭಾವರು ನಿವೃತ್ತರಾಗುತ್ತಾರೆ. ಅವರಿಲ್ಲದೆ ಈ ವಿಭಾಗ ಒಂದು ದಿನ ನಡೆಯದು ಎಂದು ಬೀಳ್ಕೊಡುಗೆಯ ದಿನ ಎಲ್ಲರೂ ಭಾಷಣ ಮಾಡುತ್ತಾರೆ, ಅವರೂ ನಂಬುತ್ತಾರೆ. ಸೋಮವಾರ ಬೆಳಿಗ್ಗೆ ಅವರ ಕುರ್ಚಿಯಲ್ಲಿ ಇನ್ನೊಬ್ಬ ಕೂತು, ಅವರದೇ ಸ್ಟೇಪ್ಲರ್ ಬಳಸುತ್ತಿರುತ್ತಾನೆ. ಫೈಲು ನಡೆಯುತ್ತದೆ. ಮೊದಲು ಹೇಗೆ ತೆವಳುತ್ತಿತ್ತೋ ಹಾಗೇ ತೆವಳುತ್ತದೆ. ನಮ್ಮನ್ನು ಬಿಟ್ಟವರು ಹಾಳಾಗುತ್ತಾರೆ ಎಂಬುದಕ್ಕಿಂತ ದೊಡ್ಡ ಫ್ಯಾಂಟಸಿಯನ್ನು ಯಾವ ಮಂತ್ರವಾದಿಯೂ ಹೊಸೆದಿಲ್ಲ.

ಇನ್ನು ಹೊರಹಾಕುವ ರೀತಿ. ಜಪಾನಿನ ಕಾರ್ಮಿಕ ಒಪ್ಪಂದ ಕಾಯ್ದೆ 2007ರದು, ಅದರ 16ನೆಯ ಕಲಮಿನ ಪ್ರಕಾರ ತಕ್ಕ ಕಾರಣವಿಲ್ಲದ, ಸಮಾಜ ಒಪ್ಪದಂಥ ವಜಾ ಸಿಂಧುವಲ್ಲ. ಕಾಯಂ ನೌಕರನಿಗೆ 'ನಾಳೆಯಿಂದ ಬರಬೇಡ' ಅನ್ನುವುದು ಅಲ್ಲಿ ಅಷ್ಟು ಸುಲಭವಲ್ಲ. ಅದಕ್ಕೇ ಹಿಂದೆ ಕೆಲಸವಿಲ್ಲದ ಹಿರಿಯರನ್ನು ಕಿಟಕಿ ಪಕ್ಕದ ಮೇಜಿಗೆ ಕೂರಿಸಿ ಹೊರಗೆ ನೋಡುತ್ತಿರಲು ಬಿಡುತ್ತಿದ್ದರು. ಅವರನ್ನು ಕಿಟಕಿ ಪಂಗಡದವರು ಎಂದೇ ಕರೆಯುತ್ತಿದ್ದರು. ಆಮೇಲೆ ಇನ್ನೂ ಕ್ರೂರವಾದ ಉಪಾಯ ಬಂತು: ಒಂದು ಕೋಣೆ, ಅಲ್ಲಿ ಕೂತು ಮಾಡುವ ಅರ್ಥವಿಲ್ಲದ ಕೆಲಸ, ತಾನಾಗಿಯೇ ಬೇಸತ್ತು ಹೋಗಲಿ ಎಂಬ ನಿರೀಕ್ಷೆ. 2010ರ ದಶಕದ ಆರಂಭದಲ್ಲಿ ಇಂಥ ಕೋಣೆಗಳ ಬಗ್ಗೆ ಅಲ್ಲಿನ ಪತ್ರಿಕೆಗಳು ಬರೆದವು. ಅಂಥ ಕೋಣೆಯಲ್ಲಿ ಕೂತವನ ಕಣ್ಣಿಗೆ ಪಾನಶಾಲೆಯ ಮಹಾವೀರ ಧರ್ಮಾತ್ಮನೇ. ಎದುರಿಗೆ ಕೂತು, ಮುಖ ನೋಡಿ, ಕಾರಣ ಹೇಳಿ, ಐದು ನಿಮಿಷದಲ್ಲಿ ಮುಗಿಸುತ್ತಾನಲ್ಲ!

ಆ ರಕ್ಷಣೆ ಇಲ್ಲದವರೂ ಇದ್ದಾರೆ. ಜಪಾನಿನ ಸಂಬಳದಾರರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಮಂದಿ ಕಾಯಂ ಅಲ್ಲ. 2008ರ ಆರ್ಥಿಕ ಕುಸಿತದಲ್ಲಿ ಗುತ್ತಿಗೆ ಕಾರ್ಮಿಕರನ್ನು ಕಾರ್ಖಾನೆಗಳು ಕಳಚಿ ಹಾಕಿದವು. ಕೆಲಸದ ಜೊತೆ ಕಂಪನಿ ಕೊಟ್ಟ ವಸತಿಯೂ ಹೋಯಿತು. ಆ ವರ್ಷದ ಕೊನೆಯ ದಿನ ಟೋಕಿಯೊದ ಹಿಬಿಯಾ ಉದ್ಯಾನದಲ್ಲಿ ಸ್ವಯಂಸೇವಕರು ಡೇರೆ ಹಾಕಿ ಗಂಜಿ ಬೇಯಿಸಿದರು; ನೂರಾರು ಜನ ಹೊಸವರ್ಷವನ್ನು ಅಲ್ಲಿ ಕಂಡರು. ಅವರನ್ನು ಬಿಟ್ಟ ಕಾರ್ಖಾನೆಗಳಿಂದ ಯಾರೂ ಹರಿದ ಅಂಗಿಯಲ್ಲಿ ಓಡಿ ಬರಲಿಲ್ಲ. ಇದನ್ನು ಕಂಡು ಬೆಳೆದ ಪೀಳಿಗೆ ರಾತ್ರಿ ಮೊಬೈಲಿನಲ್ಲಿ 'ಈಗ ತಡವಾಯಿತು' ಎಂಬ ಮಾತಿಗಾಗಿ ನೂರು ಅಧ್ಯಾಯ ಕಾದು ಓದಿದರೆ, ನಾನು ಎಷ್ಟು ಗೇಲಿ ಮಾಡಿದರೂ ಒಂದು ಹದದಲ್ಲಿ ನಿಲ್ಲಿಸಬೇಕಾಗುತ್ತದೆ.

ನಿಲ್ಲಿಸುವ ಮುಂಚೆ ಜಪಾನಿನ ಒಬ್ಬ ಅಸಲಿ ಹೊರದಬ್ಬಿಸಿಕೊಂಡವರ ವಿಷಯ ಹೇಳಬೇಕು. ಸುಗವಾರಾ ನೊ ಮಿಚಿಜಾನೆ. ಪಂಡಿತರ ಮನೆತನ, ದೊಡ್ಡ ಕವಿ. ರಾಜಧಾನಿಯಲ್ಲಿ ಅಧಿಕಾರವೆಲ್ಲ ಫುಜಿವಾರಾ ಮನೆತನದ ಮುಷ್ಟಿಯಲ್ಲಿದ್ದ ಕಾಲದಲ್ಲಿ, ವಿದ್ಯೆಯ ಬಲದಿಂದ 899ರಲ್ಲಿ ಬಲಗಡೆಯ ಮಂತ್ರಿಯ ಪದವಿಗೇರಿದರು. ಎಡಗಡೆಯ ಮಂತ್ರಿ ಫುಜಿವಾರಾ ನೊ ತೊಕಿಹಿರಾ. ಅವನದು ಇನ್ನೂ ಮೇಲಿನ ಪೀಠ. ಪಂಡಿತನೊಬ್ಬ ತನ್ನ ಪಕ್ಕದಲ್ಲಿ ಕೂತದ್ದು ಅವನಿಗೆ ಹಿಡಿಸಲಿಲ್ಲ. ಚಕ್ರವರ್ತಿಯನ್ನು ಇಳಿಸುವ ಸಂಚು ಮಾಡಿದ್ದಾರೆಂಬ ಚಾಡಿ ಹೋಯಿತು. 901ರಲ್ಲಿ ಅವರನ್ನು ದೂರದ ಕ್ಯೂಶೂ ದ್ವೀಪದ ದಜೈಫುವಿಗೆ ಅಟ್ಟಿದರು. ಗಡಿನಾಡಿನಲ್ಲಿ ನಿಧಾನವಾಗಿ ಬದುಕುವ ಯೋಗ ಅವರಿಗಿರಲಿಲ್ಲ. ಬಡತನದಲ್ಲಿ 903ರಲ್ಲಿ ತೀರಿಕೊಂಡರು.

ಅಲ್ಲಿಂದ ಎರಡನೆಯ ಸೀಸನ್. 909ರಲ್ಲಿ ತೊಕಿಹಿರಾ ಅಕಾಲದಲ್ಲೇ ಸತ್ತ. 923ರಲ್ಲಿ ಯುವರಾಜ ಸತ್ತ. ಇದು ಸತ್ತ ಪಂಡಿತರ ಪ್ರೇತದ ಕಾಟವೆಂದು ರಾಜಧಾನಿಗೆ ನಡುಕ ಹುಟ್ಟಿ, ಅವರಿಗೆ ಹಳೆಯ ಪದವಿಯನ್ನು ವಾಪಸು ಕೊಟ್ಟಿತು. ವಾಪಸು ಬಾ ಎಂದಂತೆಯೇ ಆಯಿತು, ಬರಬೇಕಾದವರು ತೀರಿಕೊಂಡು ಇಪ್ಪತ್ತು ವರ್ಷದ ಮೇಲೆ. 930ರಲ್ಲಿ ಅರಮನೆಗೇ ಸಿಡಿಲು ಬಡಿದು ಆಸ್ಥಾನದ ಕೆಲವರು ಸತ್ತರು. ಹೌಹಾರಿದ ಚಕ್ರವರ್ತಿ ಕೆಲವು ತಿಂಗಳಲ್ಲಿ ತೀರಿಕೊಂಡ. 947ರಲ್ಲಿ ಕ್ಯೋಟೊದ ಕಿತಾನೊದಲ್ಲಿ ಅವರಿಗೆ ಗುಡಿಯಾಯಿತು. 993ರಲ್ಲಿ ಮಹಾಮಂತ್ರಿ ಪದವಿಯೂ ಬಂತು; ತೀರಿಕೊಂಡು ತೊಂಬತ್ತು ವರ್ಷಕ್ಕೆ ಬಡ್ತಿ ಪಡೆದವರ ಮುಂದೆ ನಮ್ಮ ಸರ್ಕಾರಿ ನೌಕರರು ಬಾಯಿ ಮುಚ್ಚಿಕೊಂಡಿರಬೇಕು. ಈಗ ಅವರು ವಿದ್ಯೆಯ ದೇವರು. ಪರೀಕ್ಷೆ ಹತ್ತಿರ ಬಂತೆಂದರೆ ಹುಡುಗರು ಅವರ ಗುಡಿಗಳಿಗೆ ಮುಗಿಬೀಳುತ್ತಾರೆ. ಹಗೆ ತೀರಿಸಿಕೊಳ್ಳುವುದೆಂದರೆ ಹೀಗಿರಬೇಕು ಎಂದು ಜಾಲತಾಣದ ಲೇಖಕರೆಲ್ಲ ಒಪ್ಪಿಯಾರು.

ಆ ಲೇಖಕರು ಬರೆಯದೆ ಬಿಡುವ ಭಾಗ ಇನ್ನೊಂದಿದೆ. ಫುಜಿವಾರಾ ಮನೆತನಕ್ಕೆ ಏನಾಯಿತು? ಏನೂ ಆಗಲಿಲ್ಲ. ತೊಕಿಹಿರಾ ಹೋದರೆ ಅವನ ತಮ್ಮ ತದಹಿರಾ ಬಂದ. ತದಹಿರಾನ ಮರಿಮಗ ಮಿಚಿನಾಗಾನ ಕಾಲಕ್ಕೆ, ಅಂದರೆ ನೂರು ವರ್ಷದ ಮೇಲೆ, ಆ ಮನೆತನ ತನ್ನ ಶಿಖರ ಮುಟ್ಟಿತು. ಅವನ ಹೆಣ್ಣುಮಕ್ಕಳು ಸಾಲಾಗಿ ಸಾಮ್ರಾಜ್ಞಿಯರಾದರು. ಸಿಡಿಲು ಬಿತ್ತು, ಗುಡಿ ಎದ್ದಿತು, ಫೈಲು ನಡೆಯಿತು.

ನಡುವೆ ನಮ್ಮದೂ ಒಂದು ಮಾತು ಹೇಳಿಬಿಡುತ್ತೇನೆ. 2025ರ ಸೆಪ್ಟೆಂಬರಿನಲ್ಲಿ 'ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್' ಎಂಬ ಜಪಾನಿ ಚಿತ್ರ ಭಾರತದ ಚಿತ್ರಮಂದಿರಗಳಿಗೆ ಬಂತು: ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ಮೇಜಿನ ಆ ಕಡೆ ಕೂತವರ ಪಟ್ಟಿ ಇದು. ಈ ಕಡೆ ಗಂಟು ಹೊತ್ತು ನಿಂತ ಸಪ್ಪೆಮುಖ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರಿನ ಹುಡುಗರು ಮಧ್ಯರಾತ್ರಿ ಜಪಾನಿ ಕೇಳುತ್ತಾ ಇಂಗ್ಲಿಷ್ ಓದುತ್ತಾ ಕನ್ನಡದಲ್ಲಿ ನಗುತ್ತಾರೆ. ಮುಷ್ಟಿ ಬಿಗಿಹಿಡಿದು 'ಒಂದು ದಿನ ನೀವೇ ವಾಪಸು ಬಂದು ಕರೆಯುತ್ತೀರಿ' ಎಂದು ಕೂಗಲು ನನಗೂ ಆಸೆ. ಆದರೆ ಡಬ್ಬಿಂಗ್ ಎಂಬ ಪ್ರಾಣಿಯನ್ನು ದಶಕಗಳ ಕಾಲ ನಮ್ಮ ಚಿತ್ರರಂಗದ ಬಾಗಿಲ ಹೊರಗೆ ನಿಲ್ಲಿಸಿದ್ದವರು ನಾವೇ. 2015ರಲ್ಲಿ ಸ್ಪರ್ಧಾ ಆಯೋಗ ಅದು ಸರಿಯಲ್ಲ ಎಂದು ಹೇಳಿದ ಮೇಲೆ ಬಾಗಿಲು ನಿಧಾನಕ್ಕೆ ತೆರೆಯಿತು. ಯಾರು ಯಾರನ್ನು ಮೊದಲು ಹೊರಹಾಕಿದರು ಎಂಬ ವಿಚಾರಣೆಗೆ ಕೂತರೆ ಪಾನಶಾಲೆ ಬೆಳಗಿನವರೆಗೂ ಮುಚ್ಚುವುದಿಲ್ಲ.

ರೆಡ್‌ಗೆ ವಾಪಸು ಬರೋಣ. ಜಾಪ್ಪೊನ್ ಎಂಬ ಲೇಖಕರ ಸೃಷ್ಟಿ ಅವನು. ಆ ಲೋಕದಲ್ಲಿ ಪ್ರತಿಯೊಬ್ಬರೂ ಹುಟ್ಟುವಾಗಲೇ ದೇವರಿಂದ ಒಂದು ವರ ಪಡೆದಿರುತ್ತಾರೆ. ವರದ ಪ್ರಕಾರ ಬದುಕು. ರೆಡ್‌ನ ವರ 'ದಾರಿತೋರುವವನು'. ಶುರುವಿನಲ್ಲೇ ಮೂವತ್ತು ಮಟ್ಟ ಮುಂದೆ, ಆದರೆ ತನ್ನದೇ ಆದ ವಿಶೇಷ ವಿದ್ಯೆ ಒಂದೂ ಇಲ್ಲ. ಓಟದಲ್ಲಿ ಮೊದಲು ಹೊರಟು ಎಲ್ಲರಿಗೂ ದಾರಿ ಬಿಟ್ಟುಕೊಡುವ ಜಾತಕ. ಅವನ ತಂಗಿ ರೂಟಿಯ ವರ 'ವೀರ'. ತಂಡದ ಜ್ಞಾನಿ ಆರೆಸ್, ಅವಳ ಬೆನ್ನ ಹಿಂದೆ ರೆಡ್‌ನನ್ನು ಕರೆದು, 'ನೀನು ನಿಜವಾದ ಸಂಗಾತಿಯಲ್ಲ' ಎಂದು ಕಳಿಸಿಬಿಡುತ್ತಾನೆ. ರೆಡ್ ಹೋಗುವುದು ಜೊಲ್ಟಾನ್ ಎಂಬ ಊರಿಗೆ. ಅಲ್ಲಿ ಯಾರಿಗೂ ಅವಸರವಿಲ್ಲ. ಗಿಡಮೂಲಿಕೆ ಕಿತ್ತು ಮಾರಿ ಕೂಡಿಟ್ಟ ದುಡ್ಡಿನಲ್ಲಿ ಔಷಧಿ ಅಂಗಡಿ ಇಡುತ್ತಾನೆ. ಹಳೆಯ ಪರಿಚಯದ ರಾಜಕುಮಾರಿ ರಿಟ್ ಕತ್ತಿ ಪಕ್ಕಕ್ಕಿಟ್ಟು ಅಂಗಡಿಗೆ ಕೆಲಸಕ್ಕೆ ಸೇರುತ್ತಾಳೆ. ಕಂತಿನ ಮೇಲೆ ಕಂತು ಇಬ್ಬರೂ ಒಬ್ಬರಿಗೊಬ್ಬರು ಅಡುಗೆ ಬಡಿಸಿ ಕೆಂಪಾಗುತ್ತಾರೆ. ಇದರಲ್ಲಿ ಸಾಹಸ ಎಲ್ಲಿ ಎಂದು ಹುಡುಗರು ಗೊಣಗುವುದುಂಟು. ನನ್ನ ವಯಸ್ಸಿನವರಿಗೆ ಬಾಡಿಗೆ ಕಟ್ಟಿ, ಅಂಗಡಿ ನಡೆಸಿ, ರಾತ್ರಿ ಬಿಸಿ ಊಟ ಮಾಡುವುದು ಸಾಕಷ್ಟು ಸಾಹಸವೇ.

ರೆಡ್ ಹೋದ ಮೇಲೆ ತಂಡಕ್ಕೆ ಪೇಚಾಟ ಶುರುವಾಗುತ್ತದೆ. ಸಾಮಾನು ಸರಂಜಾಮು, ಚೌಕಾಸಿ, ದಾರಿ, ಊಟ ಎಲ್ಲ ಆರೆಸ್ ತಲೆ ಮೇಲೆ ಬೀಳುತ್ತದೆ, ಅವನಿಗೆ ಅದು ಬಾರದು. ಅಷ್ಟು ಮಟ್ಟಿಗೆ ಇದೂ ಹಳೆಯ ರಾಗ. ಹೊಸದು ರೂಟಿಯ ಕಡೆಯಿಂದ ಬರುತ್ತದೆ. ವೀರಳ ವರ ಅವಳಿಗೆ ಹಸಿವು ಉಳಿಸಲಿಲ್ಲ, ನಿದ್ರೆ ಉಳಿಸಲಿಲ್ಲ, ಅಳುನಗುವನ್ನೂ ಉಳಿಸಲಿಲ್ಲ. ಕಷ್ಟದಲ್ಲಿ ಯಾರನ್ನು ಕಂಡರೂ ಕಾಲು ತಾನಾಗಿ ಆ ಕಡೆ ಎಳೆಯುತ್ತದೆ, ಬೇಡ ಅಂದರೂ. ಮೇಜಿನ ಆ ಕಡೆ ಕೂತ ಮಹಾವೀರಳಿಗೆ ತಂಡದಿಂದ ಹೊರಹಾಕಿಸಿಕೊಳ್ಳುವ ಭಾಗ್ಯವೂ ಇಲ್ಲ. ಇಂಥವಳು ಕೊನೆಗೆ ಅಣ್ಣನನ್ನು ಹುಡುಕಿಕೊಂಡು ಜೊಲ್ಟಾನಿಗೆ ಬರುತ್ತಾಳೆ. ವಾಪಸು ಬಾ ಅನ್ನುವುದಕ್ಕಲ್ಲ, ತಾನೂ ಇಲ್ಲೇ ಇರುತ್ತೇನೆ ಅನ್ನುವುದಕ್ಕೆ. ಬಂದು, ಸಾಕಿದ ಜೇಡವನ್ನು ಸದಾ ಜೊತೆಗಿಟ್ಟುಕೊಂಡು ತಿರುಗುವ ಗೆಳತಿ ಟಿಸ್ಸೆಯ ಜೊತೆ ಗಿಡಮೂಲಿಕೆ ಬೆಳೆಯಲು ಹೊರಡುತ್ತಾಳೆ. ಆ ಜೇಡ ಇಡೀ ಕಥೆಯಲ್ಲಿ ಅತ್ಯಂತ ಸಜ್ಜನ ಪಾತ್ರ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಷ್ಟಾದ ಮೇಲೆ ನಾನು ಕಾಯುತ್ತಿದ್ದೆ. ಲೋಕ ಉಳಿಸಬೇಕಾದ ವೀರಳೇ ಔಷಧಿ ಗಿಡಕ್ಕೆ ನೀರು ಹನಿಸುತ್ತಾ ಕೂತರೆ, ಅತ್ತ ಅಸುರರಾಜನ ಕೈಯಲ್ಲಿ ಲೋಕದ ಗತಿಯೇನು? 2024ರ ಜನವರಿಯಲ್ಲಿ ಎರಡನೆಯ ಸೀಸನ್ ಬಂತು. ಅದರಲ್ಲಿ ಒಬ್ಬ ಹೊಸ ಹುಡುಗ, ಹೆಸರು ವಾನ್, ವರ 'ವೀರ', ಭುಜದ ಮೇಲೊಂದು ಯಕ್ಷಿಣಿ. ರೂಟಿಯ ಹುದ್ದೆಗೆ ಆಗಲೇ ಆಳು ಬಂದಾಗಿತ್ತು.